ಅಕ್ಕ / ತಂಗಿ

ಠರಾವು ನಂಬರು ನೂರಾ ಹದಿನೇಳು.
ಬೀದರ ನಗರಸಭೆಯ ಮೇಲಿನ ಮಾಳಿಗೆ, ಅರೆಜೀವದ ಫ್ಯಾನು,
ಕನ್ನಡಕ್ಕಿಳಿಸಲು ನನ್ನ ಟೇಬಲ್ಲಿಗೆ ಬಂದ ಕಾಗದ:
ಯುದ್ಧ ಹಾದುಹೋದ ಊರೊಂದರ ಜೊತೆ
ನಮ್ಮೂರಿನ ನಂಟು.
ಆ ಊರಿನ ಹೆಸರಲ್ಲಿ ಗಂಟಲ ತಳದಿಂದೇಳುವ ಒಂದಕ್ಷರ,
ನಮ್ಮ ವರ್ಣಮಾಲೆ ಅದನ್ನು ಕಂಡಿಲ್ಲ.
ಜಾಗ ಬಿಟ್ಟು ಮುಂದೆ ಹೋದೆ.

ಅಲ್ಲೂ ತಡೆ.
ಸೋದರಿ ಅನ್ನುವುದು ವೇದಿಕೆಯ ಮಾತು,
ಅಡುಗೆಮನೆಯಿಂದ ಯಾರೂ ಹಾಗೆ ಕೂಗುವುದಿಲ್ಲ.
ಮೊದಲು ಹುಟ್ಟಿದ್ದು ಯಾರು ಎಂದು ತೀರ್ಮಾನವಾಗದೆ
ಕರೆಯುವುದಾದರೂ ಹೇಗೆ?

ಘಾಳೆಪ್ಪ ಮೆಂಬರು: "ತಂಗಿ ಅಂತ ಬರಿ. ಕೊಡೋರು ನಾವು."
ವಹೀದಾ ಮೇಡಂ: "ಅವರದು ಮೂರು ಸಾವಿರ ವರ್ಷದ ಊರು,
ನಮ್ಮ ಕೋಟೆ ಅದರ ಮುಂದ ಕೂಸು. ಆಪಾ ಅನ್ರಿ."
"ನಿಂತ ಗೋಡಿನೇ ಇಲ್ಲ, ಎಂಥಾ ಅಕ್ಕ?" ಹಿಂದಿನಿಂದ ಯಾರೋ.
ನಗು ಶುರುವಾಗಿ, ತಾನೇ ನಿಂತಿತು.
ಚಹಾ ಬಂತು.

ಬಿದರಿ ತಟ್ಟೆ ಕಳಿಸುವುದೆಂದಾಯಿತು.
ಉಸ್ತಾದ ಮೊಯಿಝುದ್ದೀನ ಕೋಟೆಯ ಮಣ್ಣನ್ನು
ನಾಲಿಗೆಯ ತುದಿಗಿಟ್ಟು ನೋಡಿದ.
ಬಿಸಿಲು ಮಳೆ ಕಾಣದ ಮಣ್ಣು;
ಇದು ತಾಗಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಒಪ್ಪುವುದಿಲ್ಲ.
ಪಾರಿವಾಳ ಕೆತ್ತು ಎಂದರು ಸಾಹೇಬರು.
"ಬ್ಯಾಡ್ರಿ. ಅವರ ಆಕಾಶದಾಗ ಹಾರಿದ್ದು ಸಾಕು."
ಬರೇ ಬಳ್ಳಿ ಕೆತ್ತಿದ.

ನಾಲ್ಕು ತಿಂಗಳಿಗೆ ಉತ್ತರ. ಧನ್ಯವಾದ ಎರಡು ಸಾಲು, ಆಮೇಲೆ:
ನಿಮ್ಮಲ್ಲೂ ನೆಲದಡಿ ಸುರಂಗ ಬಾವಿಗಳಿವೆಯಂತೆ.
ನಮ್ಮವುಗಳಲ್ಲಿ ಆ ಚಳಿಗಾಲ ಜನ ಅಡಗಿದ್ದರು.
ಎಲ್ಲರೂ ಹೊರಗೆ ಬರಲಿಲ್ಲ.
ಈಗ ನೀರು ಬಂದಿದೆ, ತಿಳಿಯಾಗಿದೆ, ಯಾರೂ ಕುಡಿಯುತ್ತಿಲ್ಲ.
ನಿಮ್ಮಲ್ಲಿ ಇಂಥದ್ದಾಗಿದ್ದರೆ, ಎಷ್ಟು ವರ್ಷ ಬಿಟ್ಟು ಕುಡಿದಿರಿ?

"ತಾಂತ್ರಿಕ ವಿಭಾಗಕ್ಕೆ," ಎಂದು ಸಾಹೇಬರ ಷರಾ.
ತಾಂತ್ರಿಕ ವಿಭಾಗ ಬರೆಯಿತು: ಸಾವಿರ ಲೀಟರಿಗೆ
ಬ್ಲೀಚಿಂಗ್ ಪುಡಿ ಇಷ್ಟು ಗ್ರಾಂ.

ಕಾಗದವನ್ನು ಬುತ್ತಿಯ ಚೀಲದಲ್ಲಿಟ್ಟುಕೊಂಡು
ನೌಬಾದಿಗೆ ಹೋದೆ, ಸರುಬಾಯಿಯ ಹತ್ತಿರ. ಎಂಬತ್ತೇಳು ಅವಳಿಗೆ.
ನಲವತ್ತೆಂಟರ ಮಾತನ್ನು ಅವಳಲ್ಲಿ ಯಾರೂ ಕೇಳುವುದಿಲ್ಲ;
ಕೇಳುವವರು ಮೊದಲು ಕೇಳುವುದು, ಸತ್ತವರು ಯಾವ ಕಡೆಯವರು.
ನಾನು ಬಾವಿಯನ್ನಷ್ಟೇ ಕೇಳಿದೆ.

"ಮುಚ್ಚಬೇಕಂದ್ರು. ಮುಚ್ಚಲಿಲ್ಲ, ರೊಕ್ಕ ಎಲ್ಲಿತ್ತು?
ಮಾಂಜ್ರಾ ತನಕ ನಡದು ನೀರು ತರ್ತಿದ್ವಿ.
ಎಲ್ಲಾರಿಗಿ ಗೊತ್ತಿತ್ತು, ಯಾರೂ ಅಂತಿದ್ದಿಲ್ಲ.
ಮೂರನೇ ಬ್ಯಾಸಗಿಗಿ ಓಣಿಗಿ ಒಬ್ಬಾಕಿ ಹೊಸ ಸೊಸಿ ಬಂದ್ಲು.
ಅಕಿಗಿ ಯಾರೂ ಹೇಳಿದ್ದಿಲ್ಲ.
ಕೊಡ ಇಳಿಬಿಟ್ಲು. ಬೊಗಸಿಲೆ ಕುಡದ್ಲು.
ಇಡೀ ಓಣಿ ನಿಂತು ನೋಡ್ಲತ್ತಿತ್ತು.
ನೀರು ಛಲೋ ಅದ, ಅಂದ್ಲು."

"ಆಮ್ಯಾಲ?"

"ಆಮ್ಯಾಲೇನು. ನಮ್ಮವ್ವ ಹೋಗಿ
ಅಕಿ ಕೈಯಾಗಿನ ಹಗ್ಗ ಇಸ್ಕೊಂಡ್ಲು, ತಾನೂ ಸೇದಿದ್ಲು."

ಎಲೆಗೆ ಸುಣ್ಣ ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಖರೇ ಹೇಳ್ಲಾ? ನಾ ಇನ್ನಾ ಕುಡದಿಲ್ಲ."

ಹಾಗೇ ಬರೆದೆ. ಸಾಹೇಬರು ಕೊನೆಯ ಸಾಲಿಗೆ ಕೆಂಪು ಗೆರೆ ಎಳೆದರು.
ಮತ್ತೆ ಟೈಪು ಮಾಡಿದೆ, ಕೊನೆಯ ಸಾಲು ಸಮೇತ;
ಎರಡನೆಯ ಸಲ ಅವರು ಓದದೆ ಸಹಿ ಹಾಕಿದರು.
ಠರಾವಿನ ಆ ಇಕ್ಕಟ್ಟಿನ ಜಾಗದಲ್ಲಿ
ನಮ್ಮ ಎಲ್ಲ ಫಾರಮ್ಮುಗಳಲ್ಲಿ ಇರುವಂತೆ ಬರೆದೆ:
ಅಕ್ಕ / ತಂಗಿ. ಅನ್ವಯಿಸದ್ದನ್ನು ಹೊಡೆದುಹಾಕಿ.

ತಟ್ಟೆ ಇನ್ನೂ ಕಸ್ಟಮ್ಸಿನಲ್ಲೇ ಇದೆ.
ಪ್ರತಿ ಮಾತ್ರ ಮೊನ್ನೆ ವಾಪಸು ಬಂತು.
ಯಾವುದನ್ನೂ ಹೊಡೆದಿಲ್ಲ.
ನಾನು ಬಿಟ್ಟಿದ್ದ ಖಾಲಿ ಜಾಗದಲ್ಲಿ ಅವರ ಊರಿನ ಹೆಸರು,
ಬಲದಿಂದ ಎಡಕ್ಕೆ, ನೀಲಿ ಶಾಯಿ.
ವಹೀದಾ ಮೇಡಂ ಎರಡು ಸಲ ಓದಿ ಹೇಳಿದರು.
ಮೂರನೆಯ ಸಲ ನಾನೂ ಅಂದೆ,
ತಪ್ಪಾಗಿ.