ಹೊಗೆ ಕುಡಿದ ವರ್ಷ

ಮೂಗಿನ ಕೆಲಸ ನನ್ನದಲ್ಲ.
ಸಹಕಾರಿ ಸಂಘದ ಲೆಕ್ಕ ಬರೆಯುವವಳು ನಾನು,
ಕೊರ್ಬಿಯೇರ್ ಗುಡ್ಡಗಳ ಈ ಒಂದೇ ಬೀದಿಯ ಊರಲ್ಲಿ
ಯಾರ ದ್ರಾಕ್ಷಿ ಎಷ್ಟು ತೂಗಿತು,
ಯಾವ ತೊಟ್ಟಿಗೆ ಎಷ್ಟು ಇಳಿಯಿತು,
ಅಷ್ಟು ಗೊತ್ತು.
ಆದರೂ ಲಿಯೋನ್‌ನಿಂದ ಬಂದ ಖರೀದಿದಾರ
ಹನ್ನೊಂದನೆಯ ತೊಟ್ಟಿಯ ವೈನನ್ನು
ಬಾಯ್ತುಂಬ ಮುಕ್ಕಳಿಸಿ, ಮೋರಿಗೆ ಉಗಿದು,
ತುಟಿ ಒರೆಸಿಕೊಂಡು
"ಹೊಗೆ" ಅಂದಾಗ
ಆ ಎರಡಕ್ಷರ ಬರೆದವಳು ನಾನೇ.
ಬೆಲೆಯ ಮನೆಯಲ್ಲಿ ಒಂದು ಸೊನ್ನೆ. ದುಂಡಗೆ, ನೀಟಾಗಿ.

ಹೋದ ಆಗಸ್ಟಿನಲ್ಲಿ ಗುಡ್ಡ ಹೊತ್ತಿತ್ತು.
ನಾಲ್ಕು ದಿನ ತ್ರಾಮೊಂತಾನ್ ಗಾಳಿ
ತಿದಿಯೊತ್ತಿದ ಹಾಗೆ ಊದಿತು.
ಬಳ್ಳಿ ಸುಡಲಿಲ್ಲ. ಸಾಲುಗಳ ನಡುವಿನ ಬರಿ ಮಣ್ಣು ದಾಟಲಾರದೆ
ಬೆಂಕಿ ಅಲ್ಲೇ ನಿಂತು, ನೋಡಿ, ಆರಿತು.
ಗ್ರೆನಾಶ್ ಹಣ್ಣು ಮಾತ್ರ
ತನ್ನ ತೆಳುಸಿಪ್ಪೆಯಲ್ಲಿ ನಾಲ್ಕೂ ದಿನ
ಉಸಿರಾಡುತ್ತಲೇ ಇತ್ತು.

ಭಟ್ಟಿಗೆ ಕಳಿಸಿ, ಎಂದರು ಅಧ್ಯಕ್ಷರು.
ಟ್ಯಾಂಕರು ಸೋಮವಾರ ಬರುವುದಿತ್ತು.
ಭಾನುವಾರ ಫೆರೆಯೋಲ್ ಎರಡು ಹೂಜಿ ತುಂಬಿ ತಂದ.
ಪಂಪುಮನೆಯ ಹಿಂದೆ, ಒಣ ಬಳ್ಳಿಕಡ್ಡಿಯ ಕೆಂಡದ ಮೇಲೆ
ಝೆಲಿ ಕುರಿಯ ಪಕ್ಕೆಲುಬು ತಿರುವುತ್ತಿದ್ದಳು.
ಅಲ್ಲಿ ಆಗಲೇ ಹೊಗೆ.
ಹೊಗೆಗೆ ಹೊಗೆ ಏನು ಮಾಡೀತು?

ಬಣ್ಣವೇನೋ ಒಳ್ಳೆಯದೇ, ಬೀಟ್‌ರೂಟು ಹೆಚ್ಚಿದ ಅಂಗೈ.
ಮೊದಲ ಗುಟುಕು ಒಗರು.
ಹಲ್ಲಿಗಂಟುವ, ಕೆನ್ನೆಯ ಒಳಗೋಡೆಯನ್ನು
ಸೀದ ಕಂಬಳಿಯಿಂದ ತಿಕ್ಕಿದಂಥ ಒಗರು.
ಖರೀದಿದಾರ ಉಗಿದದ್ದು ಇಲ್ಲೇ.
ಅವನಿಗೆ ಹೊತ್ತಿರಲಿಲ್ಲ; ನಮಗೆ ಇಡೀ ಮಧ್ಯಾಹ್ನ.
ಎರಡನೆಯದಕ್ಕೆ ನಾಲಗೆ ಪಟ್ಟು ಸಡಿಲಿಸಿತು.
ಮೂರನೆಯದಕ್ಕೆ, ಕೊಬ್ಬು ಹತ್ತಿದ ತುಟಿಗೆ,
ಬಂತು ನೋಡಿ,
ಬಿಸಿಲಿಗೆ ಬಿರಿದ ಕರಿ ಚೆರ್ರಿ,
ಅದರ ಬೀಜದ ಕಹಿ,
ಉಪ್ಪುನೀರಿನಿಂದ ಆಗ ತಾನೆ ತೆಗೆದ ಆಲಿವ್,
ಥೈಮ್ ಪೊದೆ ತುಳಿದು ಬಂದ ಮೇಕೆಯ ಗೊರಸು.
"ಗೊರಸು ನೆಕ್ಕಿದ್ದೀಯಾ ಎಂದಾದರೂ?" ನಕ್ಕಳು ಝೆಲಿ.
ಮೂಗಿನ ಕೆಲಸ ನನ್ನದಲ್ಲ ಅಂದೆನಲ್ಲ.

ಆಮೇಲೆ ಎಲ್ಲರ ಬಾಯಿಯೂ ಬಿಚ್ಚಿತು.
ಬಾತಿಸ್ತಾಂಗೆ ಅದರಲ್ಲಿ ಸುಟ್ಟುಹೋದ ತನ್ನ ಕೊಟ್ಟಿಗೆಯ ಬಾಗಿಲು:
"ಟಾರು ಬಳಿದಿದ್ದೆ ಅದಕ್ಕೆ, ಸಿಗ್ತಾ ಇದೆ ನೋಡು, ಟಾರು!"
ಫೆರೆಯೋಲನಿಗೆ ಅಪ್ಪನ ಪೈಪು.
ಅಂಪಾರೊಗೆ ಏನೂ ಸಿಗಲಿಲ್ಲ.
"ವೈನು ಕಣ್ರೋ, ಅಷ್ಟೇ. ಇನ್ನೊಂದಿಷ್ಟು ಹಾಕಿ."

ದ್ರಿಸ್ ಕುಡಿಯುವವನಲ್ಲ.
ಇಪ್ಪತ್ತೆರಡು ಸುಗ್ಗಿ ಕೊಯ್ದಿದ್ದಾನೆ ಇಲ್ಲಿ,
ಒಂದು ಹನಿ ನಾಲಗೆಗೆ ಸೋಕಿಸಿಲ್ಲ.
ಪುದೀನ ಚಹಾ ಪಕ್ಕಕ್ಕಿಟ್ಟು ನನ್ನ ಲೋಟ ತೆಗೆದುಕೊಂಡ.
ಗಿರಗಿರ ತಿರುಗಿಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ,
ಕಣ್ಣು ಮುಚ್ಚಿ ಮೂಗು ಇಳಿಬಿಟ್ಟ,
ಬಾವಿಗೆ ಕೊಡ ಬಿಟ್ಟ ಹಾಗೆ.
"ಪೈನ್ ಅಲ್ಲ ಇದು," ಅಂದ.
"ಜೂನಿಪರ್. ಹಳೆಯ ಕುರಿದೊಡ್ಡಿಯ ಗೋಡೆಗೆ ಮೇಲ್ಗಡೆ ಇತ್ತಲ್ಲ,
ಮೂರನೆಯ ರಾತ್ರಿ ಉರಿದದ್ದು.
ನೀರಿನ ಟ್ರ್ಯಾಕ್ಟರಲ್ಲಿ ಅಲ್ಲಿದ್ದವನು ನಾನೊಬ್ಬನೇ."
ಲೋಟ ವಾಪಸು ಕೊಟ್ಟ.
ಚಹಾಕ್ಕೆ ಇನ್ನೊಂದು ಸಕ್ಕರೆ ಹಾಕಿಕೊಂಡ.

ಪಕ್ಕೆಲುಬು ಸೀಯುತ್ತಿತ್ತು, ಯಾರೂ ತಿರುವಲಿಲ್ಲ.
ಮತ್ತೆ ಮೂಸಿದೆ.
ಇತ್ತು.
ಚೆರ್ರಿಯ ಹಿಂದೆ, ಮೇಕೆಯ ಹಿಂದೆ,
ಬೆರಳಲ್ಲಿ ಹಿಸುಕಿದರೆ ಮೂರು ದಿನ ಬಿಡದ
ಆ ನೀಲಿ ಕಾಯಿಯ ಕಹಿಗಂಪು.
ಗುಡ್ಡದ ಬೆನ್ನಲ್ಲಿ ಈಗ ಹುಡುಕಿದರೂ ಇಲ್ಲ.
ಇರುವುದು ಹನ್ನೊಂದನೆಯ ತೊಟ್ಟಿಯಲ್ಲಿ.

ಕುಡಿದೆವು.
ದುಃಖಕ್ಕೆ ಅಂತ ಸುಳ್ಳು ಯಾಕೆ ಹೇಳಲಿ,
ಚೆನ್ನಾಗಿತ್ತು, ಅದಕ್ಕೆ.
ಸುದ್ದಿ ಬೀದಿಯಿಳಿದು ಹೋಯಿತು;
ಸಂಜೆಗೆ ಕ್ಯಾನು, ಬಿಂದಿಗೆ, ಯಾರದೋ ಹಾಲಿನ ಪಾತ್ರೆ
ಪಂಪುಮನೆಯ ಬಾಗಿಲಲ್ಲಿ ಸಾಲು.
ಯಾವುದಕ್ಕೂ ರಸೀದಿ ಬರೆಯಲಿಲ್ಲ.

ಸೋಮವಾರ ಟ್ಯಾಂಕರಿನವ ಅಳತೆಕೋಲು ಇಳಿಸಿ
ಮುನ್ನೂರು ಲೀಟರು ಕಮ್ಮಿ ಅಂದ.
ಆವಿಯಾಗಿದೆ, ಅಂದೆ,
ತುಟಿ ಬಿಗಿಹಿಡಿದು, ಆದಷ್ಟು ಕಮ್ಮಿ ಬಾಯಿ ತೆರೆದು.
ಅವನು ನನ್ನ ನೇರಳೆ ಹಲ್ಲು ನೋಡಿದ.
ರುಜು ಹಾಕಿದ.