ಹತ್ತು, ಇಪ್ಪತ್ತೊಂದು

ಉಮದಿಯಾಚೆ, ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನ ಹಿಂದಿನ ಖೋಲಿಯಲ್ಲಿ
ಪುಣೆಯ ಹರಾಜಿನಿಂದ ಬಂದ ಹಳೆಯ ಸರ್ವರ್.
ಎರಡು ಪ್ರೊಸೆಸರು; ಒಂದೊಂದರ ಮಗ್ಗುಲಿಗೂ ಅದರದರ ಮೆಮೊರಿ,
ಅಡಿಗೆಮನೆಗಂಟಿದ ಕಣಜದ ಹಾಗೆ.

ಬೆಳಗಾದರೆ ಲಿಲಾವು. ಪೆಟ್ಟಿಗೆಗಳ ಲೆಕ್ಕ ತೆವಳುತ್ತಿದೆ.
"ಅರ್ಧ ಜಾಗಾ ಖಾಲಿ ಅಂತೀರಿ, ಮತ್ಯಾಕ ತಡಾ ಬಾಯಾರ?"
ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲಿ
ರಾತ್ರಿ ಪಾಳಿಯ ಹಾಜಿಲಾಲ ನದಾಫ.

ದೂರದ ಕೋಷ್ಟಕ ತೋರಿಸಿದೆ.
ತನ್ನಿಂದ ತನಗೆ ಹತ್ತು.
ತನ್ನಿಂದ ಅದಕ್ಕೆ ಇಪ್ಪತ್ತೊಂದು.
"ಮೈಲೋ, ಕಿಲೋಮೀಟರೋ?"
ಎರಡೂ ಅಲ್ಲ, ಕೈ ಚಾಚಿದ ದಣಿವು.
"ತನಗ ತಾನ ಹತ್ತು ದೂರ? ಸೊನ್ನಿ ಯಾಕಲ್ಲ?"
ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೇಳಿದ ಕೂಡಲೇ ಕರ್ನಲ್ ಜಾಗ ಕೊಡುವುದಿಲ್ಲ,
ಹೂಂ ಅಂದು ಸುಮ್ಮನಿರುತ್ತದೆ.
ಪುಟವನ್ನು ಮೊದಲು ಯಾರು ಮುಟ್ಟುತ್ತಾರೋ
ಅವರ ಕಡೆಯ ಕಣಜದಲ್ಲಿ ಅದಕ್ಕೆ ನೆಲೆ.
ಇಲ್ಲಿ ಆದದ್ದಿಷ್ಟೆ:
ಎಲ್ಲರಿಗಿಂತ ಮೊದಲು ಎದ್ದವನೊಬ್ಬ
ಇಡೀ ತಾಲೂಕಿನ ಖಾತೆಗಳಿಗೆ ತಾನೇ ಸೊನ್ನೆ ಬರೆದಿಟ್ಟಿದ್ದ.
ಎಲ್ಲ ಅವನ ಮಗ್ಗುಲಿಗೇ ಬಿದ್ದಿವೆ.
ಆಚೆಯವರು ಒಂದೊಂದು ಅಂಕಿಗೂ ಹಳ್ಳ ದಾಟಿ ಬರಬೇಕು;
ಅವರ ಕಣಜ ಗುಡಿಸಿಟ್ಟ ಹಾಗೇ ಇದೆ.

ನದಾಫ ಬಶಿಗೆ ಚಹಾ ಸುರುವಿದ.
"ನಂದೂ ಹಂಗ ನೋಡ್ರಿ. ಕಾಗದಪತ್ರ ಎಲ್ಲಾ ಸಾಂಗ್ಲಿಗೆ.
ಎಸ್‌ಟಿ ಹತ್ತಿದ್ರ ಹೋಗಾಕೊಂದು ದಿನ, ಸಾಹೇಬ ಇಲ್ಲಂದ್ರ ಇನ್ನೊಂದು.
ಹುಟ್ಟಿದ್ದು ಬಿಜಾಪುರದ ದವಾಖಾನ್ಯಾಗ.
ಅವ್ವಗ ಬ್ಯಾನಿ ಎದ್ದಾಗ ಯಾವುದು ಸಮೀಪೋ ಅತ್ತಾಗ ಗಾಡಿ ಹೂಡಿದ್ರು.
ನನ್ನ ಮೊದಲ ಮುಟ್ಟಿದಾಕಿ ಅಲ್ಲಿ ನರ್ಸಬಾಯಿ.
ಹಂಗಾದ್ರ ನಾ ಯಾವ ಕಣಜದಾಂವ?"

ಕೋಷ್ಟಕ ಯಂತ್ರ ಮಾಡಿದವರು ಬರೆದದ್ದು, ಅಂದೆ.
ಕರ್ನಲ್ ಅಳೆದು ನೋಡುವುದಿಲ್ಲ. ನಂಬುತ್ತದೆ.

ಮೂರು ಗಂಟೆಗೆ ಎರಡು ಸಾಲು ತಿದ್ದಿದೆ:
ಯಾರ ಖಾತೆಯೋ ಅವರೇ ಮೊದಲು ಮುಟ್ಟಲಿ.
ಲೆಕ್ಕ ಹರಿಯತೊಡಗಿತು, ಪೂರ್ತಿ ಅಲ್ಲ.
ಕೆಲವು ಪುಟ ಇಬ್ಬರಿಗೂ ಬೇಕು,
ದರದ ಪಟ್ಟಿ, ತೂಕದ ಕಟ್ಟು,
ಅವನ್ನು ಎಲ್ಲಿಟ್ಟರೂ ಒಬ್ಬರಿಗೆ ಇಪ್ಪತ್ತೊಂದು.

ಹೊರಗೆ ನದಾಫ ಫೋನು ಎತ್ತಿ ಹಿಡಿದು ಅಡ್ಡಾಡುತ್ತಿದ್ದ.
ಗೋಡೆಯ ಮೂಲೆಗೆ ಒಂದು ಟವರು, ಬೇವಿನ ಬುಡಕ್ಕೆ ಇನ್ನೊಂದು:
ಇಪ್ಪತ್ತು ಹೆಜ್ಜೆಯೊಳಗೆ ಎರಡು ರಾಜ್ಯಗಳು ಸ್ವಾಗತ ಕೋರಿದವು,
ಒಂದು ಮರಾಠಿಯಲ್ಲಿ, ಒಂದು ಕನ್ನಡದಲ್ಲಿ.
ಎರಡನ್ನೂ ಓದದೆ ಅಳಿಸಿದ.
ಮಗಳಿಗೆ ಫೋನು ಹತ್ತುವ ಜಾಗ ಅವನಿಗೆ ಗೊತ್ತು,
ನೀರಿನ ಟಾಕಿಯ ಹತ್ತಿರ,
ಹರಿದ ಚೀಲಗಳನ್ನು ಒಟ್ಟಿದ ಕಡೆ.