ಕೊಂಬೋ, ಒತ್ತೋ

ಮಾಂಗೋರ ಹಿಲ್ಲಿನ ಇಳಿಜಾರಿನಲ್ಲಿ ನನ್ನ ರಿಪೇರಿ ಅಂಗಡಿ.
ಕೆಳಗೆ ವಾಸ್ಕೋ ಬಂದರು. ಅದಿರಿನ ಕೆಂಪು ಧೂಳು
ಕೀಬೋರ್ಡಿನ ಸಂದಿಗೂ ಬಂದು ಕೂರುತ್ತದೆ,
ಹೇಳದೆ ಬಂದು ಹೋಗದ ನೆಂಟನ ಹಾಗೆ.

ಗೌಸಣ್ಣನ ಸ್ಟುಡಿಯೋದ ಹಳೆಯ ಸೀಡಿಗಳನ್ನು
ಹುಲಿಗೆವ್ವ ಮೀನಿನ ಚೀಲದಲ್ಲಿ ಸುತ್ತಿ ತಂದಳು.
ಸ್ಟುಡಿಯೋ ಮುಚ್ಚಿ ಆರು ವರ್ಷ. ಅಲ್ಲಿ
ಬೆನ್ನ ಹಿಂದೆ ಬಿಳಿ ಬಟ್ಟೆ ಹಿಡಿಯುವುದು, ಪೌಡರು ಹಚ್ಚುವುದು,
ಅಳುವ ಕೂಸಿಗೆ ಚಿಟಿಕೆ ಹೊಡೆಯುವುದು ಇವಳ ಕೆಲಸ.
"ಯಾರರೆ ಕೇಳಿದ್ರ ಅವರ ಫೋಟೊ ಅವರಿಗೆ ಕೊಡು ಅಂದಾನ.
ಹೆಸರ ಹಿಡದು ಹುಡುಕಿ ಕೊಡು ತಂಗಿ."

ಲಿನಕ್ಸು ಕಣ್ಣು ಬಿಟ್ಟು ತೋರಿಸಿತು:
à²•à²®à²²à²¾
ಇಂಥವು ಒಂಬೈನೂರು.
ತಲೆಯ ಮೇಲೆ ಗೀರು ಹೊತ್ತ ಎ, ಅದರ ಹೆಗಲಿಗೊಂದು ಪುಟಾಣಿ ಎರಡು,
ಆಮೇಲೆ ಎಲ್ಲಿಯದೋ ಪೌಂಡು, ಯೆನ್, ಯೂರೋ.
ಹಡಗಿಗೆ ಮಣ್ಣು ತುಂಬುವವರ ಹೆಸರಿನಲ್ಲಿ
ಇಷ್ಟೊಂದು ವಿದೇಶಿ ಹಣ!

ಮುಖ ಕೆಟ್ಟಿಲ್ಲ, ಹೆಸರಷ್ಟೇ ಎಂದೆ.
ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು ಮೂರು ಬೈಟು;
ಮೊದಲನೆಯದು ನಮಗೂ ಪಕ್ಕದಂಗಡಿಯ ಮರಾಠಿ ಬೋರ್ಡಿಗೂ ಒಂದೇ,
ಎರಡನೆಯದಕ್ಕೆ ಬೇರೆ ಮನೆ.
ಯಾವುದೋ ತಂತ್ರಾಂಶ ಮೂವರನ್ನೂ ಅಗಲಿಸಿ
ಒಬ್ಬೊಬ್ಬರಿಗೆ ಒಂದೊಂದು ಪರದೇಶಿ ಅಂಗಿ ತೊಡಿಸಿದೆ.
ಕಳಚಲು ಒಂದೇ ಸಾಲಿನ ಆಜ್ಞೆ ಸಾಕು.
ಮೊದಲೊಂದು ಸುಳ್ಳು ಓಟ: ಏನನ್ನೂ ಮುಟ್ಟದೆ,
ಮುಟ್ಟಿದರೆ ಹೇಗಾದೀತೆಂದು ತೋರಿಸುವುದು.
ಆಮೇಲೆ ನಿಜದ್ದು.

ಕಮಲಾ ಬಂದಳು. ಲಾಲಸಾಬ ಬಂದ.
ರೇವತಿ, ದಾವಲಸಾಬ, ಹನಮಂತ.
ನೂರ ನಲವತ್ತು ಮಂದಿ, ಅಷ್ಟೆ.
ಉಳಿದವರು ಬಾಗಿಲಲ್ಲೇ ನಿಂತರು:

ಯಮನವ?ವ
ಫಕೀರಪ?ಪ
ದ?ರಗಪ?ಪ

ಆ ಹಳೆಯ ಕೋಷ್ಟಕದಲ್ಲಿ ಐದು ಮನೆ ಖಾಲಿ.
ಒಂದು ನಮ್ಮ ಕೊಂಬಿನದು, ಇನ್ನೊಂದು ಒತ್ತಿನದು.
ಒಳಗೆ ಹೋದ ಬೈಟು ಹೊರಗೆ ಬಂದಿಲ್ಲ.
ದುಡಿಯಲು ಬಂದ ಇವರ ಹೆಸರಿನ ತುದಿಯಲ್ಲಿ
ಒಬ್ಬ ಅವ್ವ ಇರುತ್ತಾಳೆ, ಇಲ್ಲವೆ ಒಬ್ಬ ಅಪ್ಪ;
ಯಂತ್ರ ಎಡವಿದ್ದು ಸರಿಯಾಗಿ ಅಲ್ಲೇ.
ಯಮನವುವ ಎಂಬಾಕೆ ಇರಲಾರಳು
ಎಂದು ಅದಕ್ಕೆ ಹೇಳುವವರು ಯಾರು?

ನಾನೇ ಹೇಳಿದೆ, ಎರಡು ಸಾಲು ಸ್ಕ್ರಿಪ್ಟು ಬರೆದು.
ಐನೂರು ಚಿಲ್ಲರೆ ಅವ್ವ ಅಪ್ಪಂದಿರು ಒಮ್ಮೆಲೇ ಒಳಬಂದರು.
ಮಿಕ್ಕವರನ್ನು ಒಬ್ಬೊಬ್ಬರನ್ನಾಗಿ ತೆರೆದೆ.
ಓದು ಬಾರದ ಹುಲಿಗೆವ್ವ ಸ್ಟೂಲು ಎಳೆದುಕೊಂಡಳು.

"ಇಂವ ಮುತ್ತಪ್ಪ, ಬಾರ್ಜಿನ್ಯಾಗ ಇದ್ದ.
ಕಣ್ ಮುಚ್ತಾನಂತ ಮೂರ ಸಲ ತೆಗಿಬೇಕಾತು."
"ಇಕಿ ದುರಗವ್ವ. ಆ ಮೂಗುತಿ ನಂದು,
ಫೋಟೊಕ್ಕಂತ ಕೊಟ್ಟಿದ್ದೆ. ತಿರುಗಿ ಕೊಟ್ಳು, ಸುಳ್ಳ್ಯಾಕ ಹೇಳ್ಲಿ."
ಅವಳ ನಾಲಿಗೆಯ ಒತ್ತನ್ನು
ನಾನು ಕೀಲಿ ಒತ್ತಿ ಕೂರಿಸುತ್ತ ಹೋದೆ.
ಚಹಾ ಎರಡು ಸಲ ಆರಿತು.

ಆಮೇಲೆ ಒಬ್ಬಳು ಬಂದಳು.
ಹಿಂದೆ ಬಿಳಿ ಬಟ್ಟೆ, ಅಂಚಿನಲ್ಲಿ
ಬಟ್ಟೆ ಹಿಡಿದ ಹುಲಿಗೆವ್ವನ ಎರಡು ಬೆರಳು.
ಹೆಸರೆಲ್ಲ ಪ್ರಶ್ನೆ, ಕೊನೆಗೆ ಮಾತ್ರ ವ್ವ.
ಹುಲಿಗೆವ್ವ ತನ್ನ ಬೆರಳನ್ನೂ ನೋಡಿಕೊಂಡಳು, ಅವಳನ್ನೂ.
"ಗೊತ್ತಿಲ್ಲ. ಒಂದ ಸಲ ಬಂದಿದ್ಲು.
ಫೋಟೊ ಒಯ್ಯಾಕ ಬರಲಿಲ್ಲ.
ಅವ್ವ ಅಂತ ಹಾಕು."

ಹಾಕಿದೆ.
ಈ ಹೆಸರಿನ ಕಡತ ಆಗಲೇ ಇದೆ,
ಅಳಿಸಿ ಅದರ ಮೇಲೆ ಬರೆಯಲೇ, ಎಂದು ಕೇಳಿತು.
ತೆರೆದರೆ ಕಿವಿ ಜೋತ ಒಂದು ಮುದುಕಿ,
ಮುಖದ ತುಂಬ ಹೆಚ್ಚಾದ ಪೌಡರು.
"ಅದು ನಮ್ಮವ್ವ. ಗೌಸಣ್ಣ ರೊಕ್ಕ ತಗೊಳ್ಳಿಲ್ಲ" ಎಂದಳು ಹುಲಿಗೆವ್ವ,
"ಇಬ್ರೂ ಇರ್ಲಿ."

ಬೇಡ ಒತ್ತಿದೆ. ಅವ್ವ ೨ ಎಂದು ಬರೆದೆ.
ಬಂದರಿನಲ್ಲಿ ಪಾಳಿ ಬದಲಾಗುವ ಸೈರನ್ನು.
ಇನ್ನೂ ನೂರ ಹದಿನಾಲ್ಕು ಉಳಿದಿದ್ದವು.